ಗಿಟಾರಿಗೆ ಆಯುಧಪೂಜೆ

ನನ್ನ ಹೆಂಡತಿ ಜಗದಾಂಬಾ ಗಿಟಾರ್ ನುಡಿಸುತ್ತಾಳೆ. ಅದೂ ಬ್ಲೂಸ್. ಶಿವಮೊಗ್ಗದ ದುರ್ಗಿಗುಡಿಯಲ್ಲಿರುವ ನನ್ನ ಮೋಟಾರ್ ರಿವೈಂಡಿಂಗ್ ಅಂಗಡಿಗೆ ಸುಟ್ಟ ಪಂಪ್‌ಸೆಟ್ ಹೊತ್ತು ತರುವವರು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ, "ಯೋಗರಾಜಣ್ಣ, ಈ ಬ್ಲೂಸ್ ಅಂದ್ರೆ ಎಂಥದು ಮಾರಾಯ?" ಅಂತ. ಮೊದಮೊದಲು ಅಮೆರಿಕ, ಹತ್ತಿ ಹೊಲ, ಅಲ್ಲಿ ದುಡಿದ ಕಪ್ಪು ಜನ ಅಂತೆಲ್ಲ ವಿವರಿಸುತ್ತಿದ್ದೆ. ಈಗ "ಒಳಗಿನ ಸಂಕಟ ಹಾಡೋದು ಕಣಯ್ಯ, ಮೋಟಾರ್ ಎಷ್ಟು ಎಚ್.ಪಿ. ಹೇಳು" ಅಂದು ಕೆಲಸ ನೋಡುತ್ತೇನೆ.

ಜಗದಾಂಬಾ ಭದ್ರಾವತಿಯವಳು. ಅವಳಪ್ಪ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಕ್ರೇನ್ ಆಪರೇಟರ್. ಕ್ವಾರ್ಟರ್ಸಿನ ಪಕ್ಕದ ಮನೆಯಲ್ಲಿ ಅಂತೋಣಿ ಅಂತ ಒಬ್ಬರಿದ್ದರು. ಮದ್ರಾಸ್ ಕಡೆಯವರು, ರೋಲಿಂಗ್ ಮಿಲ್ಲಿನಲ್ಲಿ ಕೆಲಸ. ಶಿಫ್ಟ್ ಮುಗಿಸಿ ಬಂದು, ಸ್ನಾನ ಮಾಡಿ, ಲುಂಗಿ ಉಟ್ಟು ಗಿಟಾರ್ ಹಿಡಿದು ಮೆಟ್ಟಿಲ ಮೇಲೆ ಕೂರುತ್ತಿದ್ದರಂತೆ. ಹನ್ನೆರಡು ವರ್ಷದ ಇವಳು ಕಾಂಪೌಂಡ್ ಗೋಡೆ ಹತ್ತಿ ಕೂತು ಕೇಳುವುದು. ಒಂದೇ ಸಾಲನ್ನು ಎರಡೆರಡು ಸಲ ಯಾಕೆ ಹಾಡ್ತೀರಿ ಅಂತ ಒಂದು ದಿನ ಕೇಳಿದ್ದಕ್ಕೆ, "ಮೊದಲನೇದು ಊರಿಗೆ, ಎರಡನೇದು ನಮಗೇ ಕಣಮ್ಮಾ" ಅಂದರಂತೆ. ಮರುದಿನದಿಂದ ಪಾಠ ಶುರುವಾಯಿತು. ಹತ್ತು ವರ್ಷ ಕಲಿಸಿದರು. ನಮ್ಮ ಮದುವೆಗೆ ಉಡುಗೊರೆ ಅಂತ ತಮ್ಮ ಗಿಟಾರನ್ನೇ ಕೊಟ್ಟುಬಿಟ್ಟರು. ಮರುವರ್ಷ ತೀರಿಕೊಂಡರು.

ಹಾಗೆ ರವೀಂದ್ರನಗರದ ನಮ್ಮ ಮನೆಗೆ ಸೊಸೆಯ ಜತೆ ಒಂದು ಬೀರು, ಒಂದು ಹೊಲಿಗೆ ಮೆಷಿನ್, ಒಂದು ಗಿಟಾರ್ ಬಂದವು. ನಮ್ಮವ್ವ ಲಿಂಗಮ್ಮ ಮೊದಲೆರಡನ್ನು ಒಳಗೆ ಕರೆದುಕೊಂಡಳು. ಮೂರನೆಯದನ್ನು ನೋಡಿ, "ಇದು ಮಹಡಿ ಮೇಲೆ ಇರಲಿ ತಾಯಿ, ನಡುಮನೆಗೆ ಬೇಡ" ಅಂದಳು. ಒಂದೇ ಒಂದು ಸಲ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ಜಗದಾಂಬಾ ನುಡಿಸಿದಳು. ಅದನ್ನು ನಮ್ಮ ನೆಂಟರೊಬ್ಬರು ಕಂಡು ಅವ್ವನಿಗೆ ವರದಿ ಒಪ್ಪಿಸಿದರು. ಅವ್ವ ಮೂರು ದಿನ ಸೊಸೆಯ ಜತೆ ಮಾತು ಬಿಟ್ಟಳು. ಜಗದಾಂಬಾ ಜಗಳ ಆಡಲಿಲ್ಲ. ಟೆರೇಸಿನ ಶೀಟಿನ ಕೋಣೆಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡು ಇಪ್ಪತ್ತು ವರ್ಷ ಕಳೆದಳು. ನಾನು ಏನು ಮಾಡಿದೆ ಅಂತ ಕೇಳಬೇಡಿ. ನಾನು ಇಬ್ಬರ ಹತ್ತಿರವೂ ಒಳ್ಳೆಯವನಾಗಿದ್ದೆ.

ಆಮೇಲೆ ನಮ್ಮ ಮಗಳು ಸುಷ್ಮಾ ದೊಡ್ಡವಳಾಗಿ, ಅಮ್ಮ ಹಾಡುವುದನ್ನು ಫೋನಿನಲ್ಲಿ ಹಿಡಿದು ಜಗತ್ತಿಗೆ ಬಿಟ್ಟಳು. ಜಗದಾಂಬಾ ತಾನೇ ಕನ್ನಡದಲ್ಲಿ ಕಟ್ಟಿದ ಹಾಡುಗಳು, ಸೀಮೆಎಣ್ಣೆ ಕ್ಯೂ, ಕಾರ್ಖಾನೆ ಸೈರನ್ನು, ನೀರು ಬಾರದ ನಲ್ಲಿ, ಎಲ್ಲ ಅದರಲ್ಲಿ. ನಲವತ್ತೈದನೇ ವಯಸ್ಸಿಗೆ ಬೆಂಗಳೂರಿನಲ್ಲಿ ಮೊದಲ ಶೋ. ಆಮೇಲೆ ಕೊಚ್ಚಿ, ಗೋವಾ, ಕೋಲ್ಕತ್ತಾ. ಕಾಟನ್ ಸೀರೆ ಉಟ್ಟು, ಹಣೆಗೆ ವಿಭೂತಿ ಇಟ್ಟು, ಸ್ಟೂಲಿನ ಮೇಲೆ ಕೂತು ಇವಳು ತಂತಿ ಜಗ್ಗಿದರೆ ಗಡ್ಡ ಬಿಟ್ಟ ಹುಡುಗರು ಎದ್ದು ನಿಂತು ಅಳುತ್ತಾರೆ. ನಾನೇ ನೋಡಿದ್ದೇನೆ, ಆಂಪ್ಲಿಫೈಯರ್ ಹೊರುವುದು ನಾನೇ ಅಲ್ಲವಾ? ಆದರೆ ಶಿವಮೊಗ್ಗದಲ್ಲಿ ಮಾತ್ರ ಯಾರೂ ಕರೆದಿರಲಿಲ್ಲ. ನಮ್ಮವ್ವ ಒಂದೂ ಶೋ ನೋಡಿರಲಿಲ್ಲ.

ಈ ವರ್ಷ ಕಾಲೇಜು ಮೇಷ್ಟ್ರು ಮಧುಸೂದನ ಬಂದು, ನವೆಂಬರಿನ ಮೊದಲ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ರಂಗಮಂದಿರದಲ್ಲಿ ಕಾರ್ಯಕ್ರಮ ಅಂತ ಕರಪತ್ರ ಕೊಟ್ಟು ಹೋದರು. ಅವ್ವ ಅದನ್ನು ಸುಷ್ಮಾಳ ಕೈಲಿ ಎರಡು ಸಲ ಓದಿಸಿದಳು.

"ಇದ್ರಲ್ಲಿ ಗಂಡನ ಹೆಸರೇ ಇಲ್ವಲ್ಲೇ?"

"ಅಪ್ಪ ಏನ್ ಬಾರಿಸ್ತಾರೆ ಅಜ್ಜಿ, ಹೆಸರು ಹಾಕೋಕೆ?"

ಅವ್ವ ನಕ್ಕಳು. ರಾತ್ರಿ ಊಟಕ್ಕೆ ಬಡಿಸುವಾಗ ಜಗದಾಂಬಾ, "ಅತ್ತೆ, ನೀವು ಒಂದ್ಸಲ ಬರ್ಬೇಕು. ನಂಗೆ ಬೇರೆ ಏನೂ ಬೇಡ" ಅಂದಳು. ಅವ್ವ ಮುದ್ದೆ ಮುರಿಯುತ್ತ, "ನೋಡನ ಬಿಡು" ಅಂದಳು. ಮೂವತ್ತು ವರ್ಷದಲ್ಲಿ ಇಷ್ಟು ದೊಡ್ಡ ಒಪ್ಪಿಗೆ ನಾನು ಕೇಳಿರಲಿಲ್ಲ. ಆ ರಾತ್ರಿ ಹೆಂಡತಿ ಖುಷಿಗೆ ಪಾತ್ರೆ ತೊಳೆಯುತ್ತ ಹಾಡಿಕೊಳ್ಳುತ್ತಿದ್ದಳು.

ಇನ್ನು ಆಯುಧಪೂಜೆಯ ದಿನ ಆದದ್ದು.

ಜಗದಾಂಬಾಳ ಅಣ್ಣ ಜ್ಞಾನೇಶನಿಗೆ ಕಣ್ಣಿನ ಆಪರೇಷನ್ ಆಗಿತ್ತು. ಹಾಗಾಗಿ ಅವಳು ಹಿಂದಿನ ದಿನವೇ ಭದ್ರಾವತಿಗೆ ಹೋಗಿದ್ದಳು. ನಾನು ಬೆಳಿಗ್ಗೆಯೇ ಅಂಗಡಿ ಗುಡಿಸಿ, ಸ್ಪ್ಯಾನರು ಸ್ಕ್ರೂಡ್ರೈವರು ಜೋಡಿಸಿ ಕುಂಕುಮ ಇಟ್ಟು, ಬೂದುಗುಂಬಳಕಾಯಿ ಒಡೆದು ಮನೆಗೆ ಬಂದೆ. ಅಂಗಳದಲ್ಲಿ ಅವ್ವ ಸಾಲಾಗಿ ಒಣಗಲಿಟ್ಟಿದ್ದಳು: ಈಳಿಗೆಮಣೆ, ತುರಿಮಣೆ, ಮಿಕ್ಸಿ ಜಾರು, ಸುಷ್ಮಾಳ ಸ್ಕೂಟಿ. ಅವುಗಳ ಕೊನೆಗೆ, ಗೋಡೆಗೆ ಒರಗಿಸಿದ ಗಿಟಾರ್. ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅವ್ವಾ! ಎಂಥ ಮಾಡಿದ್ಯೇ ಇದು?"

"ಯಾಕೋ? ತೊಳೆದೆ. ಕಪ್ಪಿಟ್ಟಿತ್ತು ನೋಡು, ಸೋಪಿನ ಪುಡಿ ಹಾಕಿ ತಿಕ್ಕಿದೆ. ಹೊಟ್ಟೆ ಒಳಗೆ ಧೂಳು ತುಂಬಿತ್ತು, ಒಂದು ಚೊಂಬು ನೀರು ಹುಯ್ದು ಅಲ್ಲಾಡಿಸಿ ಚೆಲ್ಲಿದೆ." ಅವ್ವನ ಮುಖದ ತುಂಬ ಸಂತೋಷ. "ಹೊಲಿಗೆ ಮೆಷಿನ್ನಿಗೆ ವರ್ಷವರ್ಷ ಪೂಜೆ ಮಾಡ್ತೀವಿ, ಅವಳು ಅದ್ರ ಮುಂದೆ ಕೂತು ಹತ್ತು ವರ್ಷ ಆಯ್ತು. ಈಗ ಅವಳ ಅನ್ನ ಇದು. ತೊಳೀದೆ ಪೂಜೆಗೆ ಇಡಕ್ಕಾಗುತ್ತಾ? ನಾನೇ ಮೆಟ್ಲು ಹತ್ತಿ ಹೋಗಿ ತಂದೆ ಕಣೋ."

ಎಪ್ಪತ್ತೆಂಟು ವರ್ಷ, ಮಂಡಿ ನೋವು. ಅಂಥವಳು ಟೆರೇಸ್ ಹತ್ತಿ, ಅದನ್ನು ಎದೆಗೆ ಅವಚಿಕೊಂಡು ಇಳಿದಿದ್ದಳು. ಇವಳಿಗೆ ಏನಂತ ಹೇಳಲಿ? "ನಾನು ಒಣಗಿಸ್ಕೊಂಡು ಬರ್ತೀನಿ, ನೀನು ಹೂ ಕಟ್ಟು" ಅಂದು ಗಿಟಾರ್ ತೆಗೆದುಕೊಂಡು ಆಟೋ ಹತ್ತಿದೆ.

ನನ್ನ ಅಂಗಡಿಯಲ್ಲಿ ಒಂದು ತಗಡಿನ ಪೆಟ್ಟಿಗೆ ಇದೆ. ಸುತ್ತಿದ ತಾಮ್ರದ ಕಾಯಿಲಿಗೆ ವಾರ್ನಿಷ್ ಹಾಕಿ ಅದರೊಳಗಿಟ್ಟು, ಇನ್ನೂರು ವ್ಯಾಟಿನ ನಾಲ್ಕು ಬಲ್ಬ್ ಹೊತ್ತಿಸಿ ಮುಚ್ಚುತ್ತೇವೆ. ನೀರು ಕುಡಿದ ಮೋಟಾರುಗಳೂ ಅದರಲ್ಲೇ ಒಣಗುವುದು. ಮೂವತ್ತೈದು ವರ್ಷದ ಅನುಭವ ನನ್ನದು, ಒದ್ದೆಯಾದದ್ದನ್ನು ಒಣಗಿಸುವುದರಲ್ಲಿ ನನ್ನನ್ನು ಮೀರಿಸುವವರು ಈ ಊರಿನಲ್ಲಿಲ್ಲ ಅಂದುಕೊಂಡಿದ್ದೆ. ತಂತಿ ಬಿಚ್ಚಿ ಗಿಟಾರನ್ನು ಪೆಟ್ಟಿಗೆಯೊಳಗೆ ಮಲಗಿಸಿದೆ. ಕತ್ತು ಮಾತ್ರ ಹೊರಗೆ ಉಳಿಯಿತು. ಪೂಜೆ ಮಾಡಿದ ದಿನ ಅಂಗಡಿಯ ಸ್ವಿಚ್ ಮುಟ್ಟಬಾರದು. ಮುಟ್ಟಿದೆ. ನಾಲ್ಕು ಗಂಟೆ ಕಾಲ ಹಾಗೇ ಬಿಟ್ಟೆ.

ನಡುವೆ ಒಂದು ಸಲ ಟಕ್ ಅಂತ ಸದ್ದಾಯಿತು. ಇನ್ನೊಂದು ಸಲವೂ ಆಯಿತು. ಮುಚ್ಚಳ ತೆಗೆದು ನೋಡಿದರೆ ಗಿಟಾರಿನ ಎದೆ ಉಬ್ಬಿತ್ತು, ತಂತಿ ಕಟ್ಟುವ ಮರದ ಪಟ್ಟಿ ಅರ್ಧ ಎದ್ದು ನಿಂತಿತ್ತು. ಬಲ್ಬ್‌ಗಳನ್ನು ಆರಿಸಿದೆ. ತಂತಿಗಳನ್ನು ಹೇಗೋ ಸಡಿಲವಾಗಿ ಸಿಕ್ಕಿಸಿ ಮನೆಗೆ ತಂದೆ. ಅವ್ವ ಅದಕ್ಕೆ ಮೂರು ಗೆರೆ ವಿಭೂತಿ ಎಳೆದು, ಚೆಂಡುಹೂವಿನ ಹಾರ ಹಾಕಿ, ದೇವರ ಮುಂದೆ ಹೊಲಿಗೆ ಮೆಷಿನ್ನಿನ ಪಕ್ಕದಲ್ಲೇ ನಿಲ್ಲಿಸಿದಳು. ಮೊದಲ ಸಲ ಗಿಟಾರ್ ನಡುಮನೆಗೆ ಬಂತು.

ಸಂಜೆ ಜಗದಾಂಬಾ ಬಂದಳು. ಹಾರ ನೋಡಿ ಅವಳ ಕಣ್ಣಲ್ಲಿ ನೀರು ಬಂತು. ಆಮೇಲೆ ಹತ್ತಿರ ಹೋಗಿ ಬಗ್ಗಿದಳು. ಉಬ್ಬಿದ ಎದೆ ಕಂಡಿತು.

"ನಾನೇ ತೊಳೆದೆ ತಾಯಿ" ಅಂದಳು ಅವ್ವ. "ಹೆಂಗೆ ಹೊಳೀತಿದೆ ನೋಡು."

ಜಗದಾಂಬಾ ನೆಟ್ಟಗೆ ನಿಂತು ಅತ್ತೆಯ ಕಡೆ ತಿರುಗಿದಳು. "ಹೊಳೀತಿದೆ ಅತ್ತೆ" ಅಂದಳು. ಪೂಜೆಗೆ ಇಟ್ಟದ್ದನ್ನು ಮರುದಿನದ ತನಕ ಮುಟ್ಟುವ ಪದ್ಧತಿ ನಮ್ಮಲ್ಲಿಲ್ಲ. ಅವಳು ಅದರ ಪಕ್ಕದಲ್ಲೇ ಗೋಡೆಗೆ ಒರಗಿ ಕೂತು ಕಡಲೆಕಾಳಿನ ಉಸಲಿ ತಿಂದಳು.

ಮರುದಿನ ಭದ್ರಾವತಿಗೆ ಹೋದೆವು. ಹಳೇ ಕಾರ್ಖಾನೆಯ ಪ್ಯಾಟರ್ನ್ ಶಾಪಿನಲ್ಲಿ ಮರದ ಅಚ್ಚು ಮಾಡುತ್ತಿದ್ದ ಶಿವರಾಮ ಅನ್ನುವವರು ರಿಟೈರ್ ಆದ ಮೇಲೆ ವೀಣೆ, ಗಿಟಾರು ರಿಪೇರಿ ಮಾಡುತ್ತಾರೆ. ಅಂತೋಣಿಯವರ ಗೆಳೆಯರೂ ಹೌದು. ಗಿಟಾರನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಒಳಗಿನ ಪಟ್ಟಿ ಎರಡು ಬಿಟ್ಟಿದೆ ಜಗದಾ. ನೀರು ಬಿದ್ದಿರೋದು ಗೊತ್ತಾಗ್ತದೆ. ಬಿಸಿ ಯಾರು ತೋರಿಸಿದ್ದು?"

"ಅತ್ತೆ ಬಿಸಿಲಲ್ಲಿ ಇಟ್ಟಿದ್ರಂತೆ."

ಶಿವರಾಮ ಗಿಟಾರಿನ ತೂತಿಗೆ ಮೂಗಿಟ್ಟು ಮೂಸಿದರು. ತಲೆಯೆತ್ತಿ ನನ್ನನ್ನೇ ನೋಡಿದರು. ಹೇಳುವುದಾದರೆ ಅದೇ ಸಮಯ. ನಾನು ಗೋಡೆಯ ಮೇಲಿನ ಗರಗಸ ನೋಡುತ್ತ ನಿಂತೆ.

"ಇಪ್ಪತ್ತು ದಿನ ಬೇಕು" ಅಂದರು ಅವರು. "ಬದುಕಿಸ್ತೀನಿ. ಧ್ವನಿ ಹಂಗೇ ಇರ್ತದೆ ಅಂತ ಹೇಳಲಾರೆ."

ಬಸ್ಸಿನಲ್ಲಿ ಜಗದಾಂಬಾ ಕಿಟಕಿಗೆ ತಲೆಯಿಟ್ಟು ಅತ್ತಳು. "ಅಂತೋಣಿ ಅಂಕಲ್ ಕೈ ಆಡಿದ ಮರ ರೀ ಅದು" ಅಂದಳು. ಸ್ವಲ್ಪ ಹೊತ್ತಿನ ಮೇಲೆ ಮುಖ ಒರೆಸಿಕೊಂಡು, "ಅತ್ತೆಗೆ ಮಾತ್ರ ಹೇಳ್ಬಾರ್ದು. ತೊಳೆದಿದ್ದು ಪ್ರೀತಿಗೆ. ತಂತಿ ಸೆಟ್ಟಿಂಗಿಗೆ ಕೊಟ್ಟಿದೀವಿ ಅನ್ನಿ" ಅಂದಳು. ನಾನು ಹೂಂ ಅಂದೆ. ನನಗೂ ಅದೇ ಬೇಕಿತ್ತು, ಆದರೆ ನನ್ನ ಕಾರಣ ಬೇರೆ ಇತ್ತು.

ಗುಟ್ಟು ಒಂದು ವಾರ ಉಳಿಯಿತು. ಪಾಠಕ್ಕೆ ಬರುವ ಮಕ್ಕಳ ಅಗ್ಗದ ಗಿಟಾರಿನಲ್ಲಿ ಜಗದಾಂಬಾ ಅಭ್ಯಾಸ ಮಾಡುವುದು, ಸರಿಬಾರದೆ ಸಿಟ್ಟಿಗೇಳುವುದು ನಡೆದಿತ್ತು. ಅವ್ವ ದಿನಾ ಕೇಳುತ್ತಿದ್ದಳು, "ಪೂಜೆ ಮಾಡಿದ್ದು ಬಿಟ್ಟು ಅದ್ಯಾಕೆ ಬಾರಿಸ್ತೀಯ?" ಅಂತ. ಒಂದು ಮಧ್ಯಾಹ್ನ ಅವ್ವ ಅಕ್ಕಿ ರೊಟ್ಟಿ ತಟ್ಟುತ್ತ ಹೀಗೆ ಕೇಳಿದಾಗ ಸುಷ್ಮಾ ಲ್ಯಾಬಿನ ಕೆಲಸದಿಂದ ಹಸಿದು ಬಂದಿದ್ದಳು.

"ಅಜ್ಜೀ, ಸಾಕು ಸುಮ್ನಿರು! ನೀನು ನೀರು ಹುಯ್ದು ಹಾಳು ಮಾಡಿ, ಮತ್ತೆ ಮತ್ತೆ ಅಮ್ಮನ್ನೇ ಕೇಳ್ತೀಯಲ್ಲ!"

"ಸುಷ್ಮಾ!" ಅಂತ ಜಗದಾಂಬಾ ಕೂಗಿದಳು. ಆದರೆ ಮಾತು ಆಡಿ ಆಗಿತ್ತು.

ಅವ್ವ ಹೆಂಚಿನ ಮೇಲಿನ ರೊಟ್ಟಿ ತಿರುವಲಿಲ್ಲ. "ಹಾಳಾಯ್ತಾ?" ಅಂದಳು. ಜಗದಾಂಬಾ ಓಡಿ ಬಂದು, ಇಲ್ಲ ಅತ್ತೆ, ರಿಪೇರಿ ಆಗ್ತಿದೆ, ಏನೂ ಆಗಿಲ್ಲ ಅಂತೆಲ್ಲ ಹೇಳಿದಳು. ಅವ್ವ ಕೈ ತೊಳೆದುಕೊಂಡು ಎದ್ದಳು.

"ಮೂವತ್ತು ವರ್ಷ ನಾನು ಅದನ್ನ ಮುಟ್ಲಿಲ್ಲ, ಚೆನ್ನಾಗೇ ಇತ್ತು. ಮುಟ್ಟಿದ್ದು ಒಂದೇ ದಿನ."

ಅಂದಿನಿಂದ ಅವ್ವ ಮನೆಯಲ್ಲಿ ಯಾವುದನ್ನೂ ಮುಟ್ಟಲಿಲ್ಲ. ರೊಟ್ಟಿ ತಟ್ಟಲಿಲ್ಲ, ಸೊಪ್ಪು ಸೋಸಲಿಲ್ಲ, ಬತ್ತಿ ಹೊಸೆಯಲಿಲ್ಲ. ದೇವರ ದೀಪ ಹಚ್ಚು ಅಂದರೆ "ನನ್ನ ಕೈ ಬೇಡ ಬಿಡಿ" ಅನ್ನುವಳು. ಎರಡು ಕೈಯನ್ನೂ ಸೆರಗಿನೊಳಗೆ ಇಟ್ಟುಕೊಂಡು ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿರುವಳು. ಊಟವೂ ಅರ್ಧಕ್ಕರ್ಧ ಇಳಿಯಿತು.

ರೊಟ್ಟಿ ಕೆಲಸ ಜಗದಾಂಬಾಳಿಗೆ ಬಂತು. ಅವಳ ಎಡಗೈ ಬೆರಳ ತುದಿಗಳು ತಂತಿ ಒತ್ತಿ ಒತ್ತಿ ಜಡ್ಡುಗಟ್ಟಿವೆ, ಬಿಸಿ ಹತ್ತುವುದಿಲ್ಲ. ಬರಿಗೈಯಲ್ಲೇ ರೊಟ್ಟಿ ತಿರುವುತ್ತಿದ್ದಳು. ಆದರೆ ತಟ್ಟುವುದು ಬಾರದು, ಒಂದು ಕಡೆ ದಪ್ಪ, ಒಂದು ಕಡೆ ಹರಿದದ್ದು. ಅವ್ವನ ತಟ್ಟೆಗೆ ಹಾಕಿ, "ಹೆಂಗಿದೆ ಅತ್ತೆ? ಬೈರಿ" ಅನ್ನುವಳು. ಅವ್ವ ಬೈಯುತ್ತಲೇ ಇರಲಿಲ್ಲ.

"ಭಾನುವಾರ ಬರ್ತೀರಲ್ಲ ಅತ್ತೆ?"

"ಬೇಡ ತಾಯಿ. ನಾನು ಎದುರಿಗೆ ಕೂತು ಇನ್ನೊಂದು ಕೆಟ್ಟದ್ದಾಗೋದು ಬೇಡ. ನೀನು ಹೋಗಿ ಬಾ."

"ನೀವು ಬರ್ದಿದ್ರೆ ನಾನ್ಯಾಕೆ ಹಾಡ್ಬೇಕು?"

"ಹಂಗನ್ಬೇಡ ಮಾರಾಯ್ತಿ, ಹೆಸರು ಅಚ್ಚು ಹಾಕಿಸಿದಾರೆ."

ನಾನು ಇದನ್ನೆಲ್ಲ ಪಕ್ಕದಲ್ಲೇ ಕೂತು ಕೇಳುತ್ತಿದ್ದೆ. ಸಾರು ಕಲಸಿಕೊಂಡು ಊಟ ಮಾಡುತ್ತಿದ್ದೆ. ನಾಳೆ ಹೇಳಿದರಾಯಿತು ಅಂದುಕೊಳ್ಳುವುದು, ಬೆಳಿಗ್ಗೆ ಅಂಗಡಿಗೆ ಓಡುವುದು. ಹೆಂಡತಿ ಏನಂದಾಳು ಅನ್ನುವ ಭಯಕ್ಕಿಂತ, ಊರಿನ ಮೋಟಾರನ್ನೆಲ್ಲ ಒಣಗಿಸುವ ನಾನು ಮನೆಯ ಗಿಟಾರನ್ನು ಸುಟ್ಟೆ ಅನ್ನುವ ನಾಚಿಕೆಯೇ ದೊಡ್ಡದಾಗಿತ್ತು. ಥೂ, ನನ್ನ ಜನ್ಮಕ್ಕೆ.

ಶುಕ್ರವಾರ ಗಿಟಾರ್ ತರಲು ಹೋದೆವು. ಶಿವರಾಮ ಅಂಟು ಹಾಕಿ, ಬಿಗಿಹಿಡಿದು, ಪಟ್ಟಿ ಬದಲಿಸಿ, ಹೊಸ ತಂತಿ ಕಟ್ಟಿದ್ದರು. ಜಗದಾಂಬಾ ಜಗುಲಿಯ ಮೇಲೆ ಕೂತು ನುಡಿಸಿದಳು. ದಪ್ಪ ತಂತಿಯಲ್ಲಿ ಒಂದು ಒರಟುತನ, ನೆಗಡಿಯಾದವರ ದನಿಯ ಹಾಗೆ. ಅವಳು ಅದೇ ತಂತಿಯನ್ನು ಹತ್ತು ಸಲ ಮೀಟಿದಳು.

"ಇದು ಬೇರೆ ಯಾರೋ" ಅಂದಳು. "ಪರಿಚಯ ಮಾಡ್ಕೋಬೇಕು." ಆಮೇಲೆ ಒಂದು ಹಾಡು ಪೂರ್ತಿ ನುಡಿಸಿ, "ಒಳ್ಳೆಯವಳೇ ಇದ್ದಾಳೆ" ಅಂದು ಸ್ವಲ್ಪ ನಕ್ಕಳು.

ಅವಳು ಜ್ಞಾನೇಶನ ಮನೆಗೆ ಮುಖ ತೋರಿಸಿ ಬರಲು ಹೋದಾಗ ಶಿವರಾಮ ನನ್ನ ಭುಜ ಹಿಡಿದರು.

"ಯೋಗರಾಜಾ, ನೀರೊಂದೇ ಆಗಿದ್ರೆ ನೆರಳಲ್ಲಿ ಇಟ್ಟಿದ್ರೂ ಸಾಕಿತ್ತು. ಇದು ಬೇಯಿಸಿರೋದು. ಒಳಗೆಲ್ಲ ಮೋಟಾರ್ ವಾರ್ನಿಷ್ ವಾಸನೆ. ನಿನ್ನ ಶರ್ಟಲ್ಲೂ ಅದೇ ವಾಸನೆ ಬರ್ತಿದೆಯಪ್ಪಾ." ಜಗದಾಂಬಾ ಹೋದ ದಾರಿ ನೋಡಿದರು. "ನಾನು ಹೇಳಲ್ಲ. ನೀನೇ ಹೇಳು."

"ಅವ್ವ ಊಟ ಬಿಟ್ಟಿದಾಳೆ" ಅಂದೆ. ಯಾಕೆ ಅಂದೆನೋ ಗೊತ್ತಿಲ್ಲ.

"ಮತ್ತೆ ಇಲ್ಲಿ ನಿಂತು ಏನ್ ಮಾಡ್ತಿದೀಯ?" ಅಂದರು ಅವರು.

ಶನಿವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಗಿಟಾರ್ ಮೂಲೆಯಲ್ಲಿತ್ತು, ಅವ್ವ ಆ ಕಡೆ ತಿರುಗಿ ಕೂಡ ನೋಡಿರಲಿಲ್ಲ. ಜಗದಾಂಬಾ ಮತ್ತೆ "ನಾಳೆ ಅತ್ತೆ" ಅಂತ ಶುರು ಮಾಡಿದಳು. ಅವ್ವ ತಲೆ ಅಲ್ಲಾಡಿಸಿದಳು. ಅರ್ಧ ರೊಟ್ಟಿ ಬಿಟ್ಟು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಗಿಟಾರ್ ಹಾಳು ಮಾಡಿದ್ದು ನಾನು" ಅಂದೆ.

ಯಾರಿಗೂ ಅರ್ಥವಾಗಲಿಲ್ಲ. ಹೇಳಿದೆ. ತಗಡಿನ ಪೆಟ್ಟಿಗೆ, ನಾಲ್ಕು ಬಲ್ಬು, ನಾಲ್ಕು ಗಂಟೆ, ಟಕ್ ಅಂದದ್ದು, ಶಿವರಾಮ ಮೂಸಿದ್ದು. ಎಲ್ಲ ಹೇಳುವ ಹೊತ್ತಿಗೆ ಎಣ್ಣೆಗಾಯಿ ಆರಿತ್ತು. ಸುಷ್ಮಾ ಬಾಯಿಗೆ ಕೈಯಿಟ್ಟುಕೊಂಡಿದ್ದಳು.

ಜಗದಾಂಬಾ ಎದ್ದು ನಿಂತಳು. ಗಿಟಾರಿನ ಮಾತು ಬರುತ್ತದೆ ಅಂತ ನಾನು ತಲೆ ತಗ್ಗಿಸಿದೆ.

"ಹದಿನೈದು ದಿನದಿಂದ ಅತ್ತೆ ದೀಪ ಹಚ್ಚಿಲ್ಲ" ಅಂದಳು. ಅವಳ ಧ್ವನಿ ಒಡೆದಿತ್ತು. "ಅರ್ಧ ರೊಟ್ಟಿ ತಿಂದು ಏಳ್ತಿದ್ರು. ನೀವು ಎದುರಿಗೇ ಕೂತು ನೋಡ್ತಿದ್ರಲ್ರೀ! ನೋಡ್ಕೊಂಡು ಮೂರು ಮೂರು ರೊಟ್ಟಿ ತಿಂತಿದ್ರಲ್ರೀ! ಮರ ಹೋದ್ರೆ ಹೋಗ್ಲಿ, ಹೆತ್ತೋಳು ಕಾಣ್ಲಿಲ್ವಾ ನಿಮಗೆ?"

ಮೂವತ್ತು ವರ್ಷದಲ್ಲಿ ಅವಳು ನನ್ನ ಮೇಲೆ ಹಾಗೆ ಕೂಗಿದ್ದು ಅದೇ ಮೊದಲು. ಕೂಗಿದ್ದು ಅವ್ವನಿಗಾಗಿ. ನಾನು ಅವ್ವನ ಕಡೆ ನೋಡಿದೆ, ನನ್ನನ್ನು ಬಿಡಿಸು ಅನ್ನುವ ಹಾಗೆ. ಚಿಕ್ಕಂದಿನಿಂದ ಅದೇ ಅಭ್ಯಾಸ.

ಅವ್ವ ಬಿಡಿಸಲಿಲ್ಲ. "ಇನ್ನೂ ಬೈಯೇ" ಅಂದಳು ಸೊಸೆಗೆ. "ಇಷ್ಟಕ್ಕೇ ಬಿಡಬೇಡ. ಒಣಗಿಸ್ಕೊಂಡು ಬರ್ತೀನಿ ಅಂತ ದೊಡ್ಡ ಇಂಜಿನಿಯರ್ ಥರ ಹೋದ ಇವನು! ನಾನು ತೊಳೆದಿದ್ದು ತಪ್ಪೇ ಅನ್ನು, ಆದ್ರೆ ಬೇಯಿಸೋಕೆ ನಾನು ಹೇಳಿದ್ನಾ? ಬೋಂಡಾನಾ ಅದು?"

ಸುಷ್ಮಾ ಪಕ್ಕನೆ ನಕ್ಕಳು. ಜಗದಾಂಬಾ ಅಳುತ್ತಲೇ ನಕ್ಕಳು. ಅವ್ವನಿಗೆ ಮಾತ್ರ ನಗು ಬಂದಿರಲಿಲ್ಲ, ಅವಳು ನನ್ನನ್ನು ಇನ್ನೂ ಹತ್ತು ನಿಮಿಷ ಬೈದಳು. ನಡುನಡುವೆ ಜಗದಾಂಬಾ "ಹೂಂ ಅತ್ತೆ, ಮೊನ್ನೆ ಗ್ಯಾಸ್ ಸ್ಟವ್ ರಿಪೇರಿಗೂ ಹಿಂಗೇ ಮಾಡಿದ್ರು" ಅಂತ ಒಂದೊಂದು ಸೇರಿಸುತ್ತಿದ್ದಳು. ಇಬ್ಬರೂ ಒಂದೇ ಪಕ್ಷದಲ್ಲಿ ನಿಂತದ್ದನ್ನು ನಾನು ಅವತ್ತೇ ನೋಡಿದ್ದು. ತಲೆ ತಗ್ಗಿಸಿಕೊಂಡು ಕೇಳಿದೆ. ನಿಜ ಹೇಳಬೇಕೆಂದರೆ ಹಾಯಾಗಿತ್ತು.

ಕೊನೆಗೆ ಅವ್ವ ಸೊಸೆಯ ತಟ್ಟೆಯಲ್ಲಿದ್ದ ರೊಟ್ಟಿ ಎತ್ತಿ ಬೆಳಕಿಗೆ ಹಿಡಿದಳು. "ಇದೇನೇ ಇದು, ಎಮ್ಮೆ ಚರ್ಮದ ಹಾಗೆ? ಸರಿ ಅತ್ಲಾಗೆ" ಅಂದು ಸೆರಗು ಸಿಕ್ಕಿಸಿಕೊಂಡು ಒಲೆಯ ಕಡೆ ನಡೆದಳು. ಹಿಟ್ಟು ನಾದುತ್ತ ಕೇಳಿದಳು, "ನಾಳೆ ಎಷ್ಟೊತ್ತಿಗೆ?"

ಭಾನುವಾರ ಅವ್ವ ಇಳಕಲ್ ಸೀರೆ ಉಟ್ಟು ಮೊದಲ ಸಾಲಿನಲ್ಲಿ ಕೂತಳು. ಹಾಲ್ ಮುಕ್ಕಾಲು ತುಂಬಿತ್ತು. ಜಗದಾಂಬಾ ಸ್ಟೂಲಿನ ಮೇಲೆ ಕೂತು, ಮೈಕ್ ಸರಿಮಾಡಿಕೊಂಡು, "ಈ ಗಿಟಾರಿಗೆ ನಮ್ಮತ್ತೆ ಈ ಸಲ ಪೂಜೆ ಮಾಡಿದಾರೆ. ಅವ್ರು ಇಲ್ಲೇ ಕೂತಿದಾರೆ" ಅಂದಳು. ಜನ ಚಪ್ಪಾಳೆ ತಟ್ಟಿದರು. ಯಾರಿಗೆ ತಟ್ಟುತ್ತಿದ್ದಾರೆ ಅಂತ ಅವ್ವ ಹಿಂದೆ ತಿರುಗಿ ನೋಡಿದಳು. ಜಗದಾಂಬಾ ದಪ್ಪ ತಂತಿ ಜಗ್ಗಿದಳು. ಆ ಒರಟು ದನಿ ಹಾಲ್ ತುಂಬ ಹರಡಿತು.

ಸೈರನ್ ಕೂಗಿತು ಅಪ್ಪಾ, ಬುತ್ತಿ ಇನ್ನೂ ಕಟ್ಟಿಲ್ಲ,
ಸೈರನ್ ಕೂಗಿತು ಅಪ್ಪಾ, ಬುತ್ತಿ ಇನ್ನೂ ಕಟ್ಟಿಲ್ಲ,
ಒಲೆಯ ಹೊಗೆಯ ನೆಪದಲ್ಲಿ ಅತ್ತದ್ದು ಯಾರಿಗೂ ಗೊತ್ತಿಲ್ಲ.

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಒರೆಸಿಕೊಳ್ಳುವುದನ್ನು ಬಿಟ್ಟಳು. ಪಕ್ಕದಲ್ಲಿ ಕೂತಿದ್ದ ಸುಷ್ಮಾ ನೀರಿನ ಬಾಟಲಿ ಕೊಡಲು ಹೋದರೆ ಅವಳ ಕೈ ಸರಿಸಿದಳು. ಒಂದೂವರೆ ಗಂಟೆ ಕದಲಲಿಲ್ಲ. ಮಂಡಿ ನೋವಿನ ಮಾತೇ ಇಲ್ಲ.

ಕಾರ್ಯಕ್ರಮ ಮುಗಿದು ಜನ ಮುತ್ತಿಕೊಂಡರು, ಫೋಟೋ ತೆಗೆಸಿಕೊಂಡರು. ಹೊರಗೆ ಬಿಸಿಲು. ಮನೆಗೆ ಹೋಗಲು ಆಟೋ ಕರೆದೆ. ಅವ್ವ ಹತ್ತಿ ಕೂತಳು, ಆಚೆ ಬದಿಯಿಂದ ಸುಷ್ಮಾ ಹತ್ತಿದಳು. ನಾನು ಗಿಟಾರ್ ಎತ್ತಿ ಒಳಗಿಡಲು ಕೈ ಚಾಚಿದೆ.

"ಏಯ್, ನೀನು ದೂರ ಇರು" ಅಂದಳು ಅವ್ವ. ಸೆರಗಿಗೆ ಎರಡೂ ಅಂಗೈ ಒರೆಸಿಕೊಂಡು ಸೊಸೆಯ ಕಡೆ ಚಾಚಿದಳು. "ಕೊಡು ತಾಯಿ, ನಾನು ಹಿಡ್ಕೊಳ್ತೀನಿ."

ಜಗದಾಂಬಾ ಕೊಟ್ಟಳು. ಅವ್ವ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಕತ್ತಿನ ಕೆಳಗೆ ಕೈ ಕೊಟ್ಟು ಹಿಡಿದಳು. ಜಗದಾಂಬಾ ಪಕ್ಕದಲ್ಲಿ ಒತ್ತಿಕೊಂಡು ಕೂತಳು. ಆಟೋದಲ್ಲಿ ನನಗೆ ಜಾಗ ಉಳಿಯಲಿಲ್ಲ. ಆಂಪ್ಲಿಫೈಯರನ್ನು ಸುಷ್ಮಾಳ ಸ್ಕೂಟಿಯ ಮುಂದೆ ಇಟ್ಟುಕೊಂಡು ಅವರ ಹಿಂದೆ ಹಿಂದೆಯೇ ಮನೆಗೆ ಹೋದೆ.